ಯುಕಿಮಿನೆಯ ಇನ್ನೊಬ್ಬ ಮಗ

2010ರ ಸೆಪ್ಟೆಂಬರ್ 16, ಗುರುವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ.

ಆರನೇ ಮತ್ತು ಏಳನೇ ಪಕ್ಕೆಲುಬಿನ ನಡುವೆ ಕೊಯ್ದ ಸೀಳನ್ನು ಇನೊಕುಚಿ ಮಸಾರು ಎರಡೂ ಕೈಯಿಂದ ಅಗಲಿಸಿ ಹಿಡಿದ. ಹಣೆಗೆ ಕಟ್ಟಿಕೊಂಡಿದ್ದ ದೀಪದ ಬೆಳಕು ಒಳಗೆ ಬಿತ್ತು. ಶೀತಲ ಕೋಣೆಯಲ್ಲಿ ಅವನ ಬಾಯಿಂದ ಹೊರಡುತ್ತಿದ್ದ ಉಸಿರಿನ ಹಬೆ ಒಮ್ಮೆಲೇ ನಿಂತಿತು.

"ಏನಾಯ್ತು?" ಎಂದಳು ಇನ್ಸ್‌ಪೆಕ್ಟರ್ ಕುರಮೋಚಿ ಸಯೋ.

"ಸುಮ್ನಿರಿ ಮೇಡಂ. ಒಂದ್ನಿಮಿಷ ನೋಡೋಕೆ ಬಿಡಿ."

ಮಾಂಸಕ್ಕೆ ದರ್ಜೆ ಕಟ್ಟುವುದು ಇನೊಕುಚಿಯ ಕಸುಬು. ಸಾಲಾಗಿ ತೂಗುವ ಸೀಳುಗಳನ್ನು ಕಣ್ಣಲ್ಲೇ ಅಳೆದು, ನಡುನಡುವೆ ನಾಲ್ಕು ತಮಾಷೆ ಹಾರಿಸಿ, ಮುದ್ರೆ ಒತ್ತಿ ಮುಂದೆ ಹೋಗುವ ಆಸಾಮಿ. ಅಂಥವನು ಬಾಯಿಗೆ ಬೀಗ ಹಾಕಿಕೊಂಡು ನಿಂತದ್ದನ್ನು ಸಯೋ ಕಂಡದ್ದು ಇದೇ ಮೊದಲು.

ಅವಳೂ ಬಗ್ಗಿ ನೋಡಿದಳು.

ಕೆಂಪು ಮಾಂಸದ ಉದ್ದಗಲಕ್ಕೂ ಬಿಳಿ ಎಳೆಗಳು. ಒಂದು ಎಳೆ ಎರಡಾಗಿ, ಎರಡು ಎಂಟಾಗಿ, ಕಣ್ಣು ಹಿಂಬಾಲಿಸಲಾರದಷ್ಟು ಸಣ್ಣಗೆ ಒಡೆಯುತ್ತಾ ಹೋಗಿದ್ದವು. ಎಲ್ಲೂ ಗಡ್ಡೆಯಿಲ್ಲ, ಎಲ್ಲೂ ಬರಿದಾದ ಜಾಗವಿಲ್ಲ. ಬೆಳಗಿನ ಮಂಜು ಮೇಪಲ್ ಎಲೆಯ ನರನರದಲ್ಲೂ ಕೂತಂತೆ. ಯಾರೂ ನೋಡದ ಕತ್ತಲಲ್ಲಿ, ಒಂದು ಎತ್ತಿನ ಮೈಯೊಳಗೆ, ಯಾವ ಕೈಯೂ ಇಲ್ಲದೆ ಇದು ಬರೆದುಕೊಂಡಿತ್ತು. ಸಯೋಗೆ ಮೈ ಜುಮ್ಮೆಂದಿತು.

"ಹನ್ನೆರಡಕ್ಕೆ ಹನ್ನೊಂದು," ಎಂದ ಇನೊಕುಚಿ ಕೊನೆಗೆ. "ಹನ್ನೆರಡೇ ಕೊಡ್ಬೇಕು. ಕೈ ಹೆದರುತ್ತೆ ಅಷ್ಟೇ."

"ಹಾಗಾದರೆ ಯುಕಿಮಿನೆಯ ಮಗನೇ?"

"ನನ್ ಕಣ್ಣು ಹೌದು ಅನ್ನುತ್ತೆ. ಆದ್ರೆ ನನ್ ಕಣ್ಣನ್ನ ಕಿತ್ತು ಕೋರ್ಟಿನ ಮೇಜಿನ ಮೇಲೆ ಇಡೋಕಾಗುತ್ತಾ ಮೇಡಂ?"

ಅದೇ ತೊಡಕು. ತಾಜಿಮಾ ಬೆಟ್ಟಗಳ ಈ ಕಣಿವೆಯಲ್ಲಿ ಯುಕಿಮಿನೆ ಎಂದರೆ ಸತ್ತು ಆರು ವರ್ಷವಾದರೂ ಜನ ಧ್ವನಿ ತಗ್ಗಿಸಿ ಹೇಳುವ ಹೆಸರು. ಆ ಹೋರಿಯ ವೀರ್ಯ ತುಂಬಿ ಹೆಪ್ಪುಗಟ್ಟಿಸಿಟ್ಟ ಸಣ್ಣ ಪ್ಲಾಸ್ಟಿಕ್ ಕಡ್ಡಿಗಳಲ್ಲಿ ಕಡೆಯ ಕೆಲವನ್ನು ತಳಿ ಸಂಘದವರು ಚೀಟಿ ಎತ್ತಿ ಹಂಚಿದ್ದರು. ಒಂದು ಚೀಟಿ ತೊಮಿಹಾರಾ ಕೊಹೇಯ ಪಾಲಿಗೆ ಬಿದ್ದಿತ್ತು. ಅವನ ಹಸುವಿಗೆ ಹುಟ್ಟಿದ ಎತ್ತನ್ನು ಕಳೆದ ತಿಂಗಳು ಕೊಯ್ದಾಗ ಕೊಬ್ಬು ಮೇಣದಂತೆ ಗಟ್ಟಿ. ಅದು ಯುಕಿಮಿನೆಯ ಮಗ ಆಗಿರಲು ಸಾಧ್ಯವೇ ಇಲ್ಲವೆಂದು ಪ್ರಯೋಗಾಲಯದಿಂದ ಮೊದಲ ವರದಿ ಬಂತು. ಕಡ್ಡಿಯನ್ನು ಹೊತ್ತು ತಂದು ಹಸುವಿಗೆ ಗಬ್ಬ ಕಟ್ಟಿಸಿದವನು, ಪರವಾನಗಿ ಪಡೆದು ಅದೇ ಕಸುಬು ಮಾಡುವ ಮೊರಿವಾಕಿ ತೊಕುಜಿ. ಅವನು ಅದನ್ನು ಕದ್ದು ಹೊರಗಿನವರಿಗೆ ಮಾರಿದ್ದಾನೆ ಎಂಬುದು ತೊಮಿಹಾರಾನ ದೂರು. ಮೊನ್ನೆ ಹನ್ನೊಂದು ಗಂಟೆಗೆ ತೊಕುಜಿಯ ಬಂಧನವಾಗಿತ್ತು. ಇವತ್ತು ಹನ್ನೊಂದರೊಳಗೆ ಅವನನ್ನು ಸರ್ಕಾರಿ ವಕೀಲರಿಗೆ ಒಪ್ಪಿಸಬೇಕು, ಇಲ್ಲವೇ ಮನೆಗೆ ಕಳಿಸಬೇಕು.

ನಿನ್ನೆ ಸಂಜೆ ತೊಕುಜಿ ಮೊದಲ ಸಲ ಬಾಯಿ ಬಿಟ್ಟಿದ್ದ. "ಕದ್ದಿಲ್ಲ. ಅದಲುಬದಲು ಮಾಡ್ಬಿಟ್ಟೆ."

ತೊಮಿಹಾರಾನ ಹಸುವಿಗೆ ಗಬ್ಬ ಕಟ್ಟಿಸಿದ ದಿನವೇ, ಅದೇ ಊರಲ್ಲಿ, ಅವನು ಇನ್ನೊಂದು ಹಸುವಿಗೂ ಗಬ್ಬ ಕಟ್ಟಿಸಿದ್ದ. ಅದು ಇತೋಯೆ ಅಜ್ಜಿಯ ಹಸು. ಅದಕ್ಕೆ ಹಾಕಬೇಕಿದ್ದದ್ದು ಓಕಿಕಾಜೆ ಎಂಬ ಸಾಧಾರಣ ಹೋರಿಯ ಕಡ್ಡಿ. ತೊಕುಜಿ ಹೇಳುವುದು ನಿಜವಾದರೆ ಯುಕಿಮಿನೆಯ ಬೀಜ ಬಿದ್ದದ್ದು ಅಜ್ಜಿಯ ಹಸುವಿಗೆ. ಆ ಹಸುವಿನ ಮಗ, ಸರದಿಯಂತೆ ಮೊನ್ನೆ ಕೊಯ್ದ ಎತ್ತು, ಈಗ ಇನೊಕುಚಿಯ ಎರಡು ಕೈಗಳ ನಡುವೆ ತೂಗುತ್ತಿತ್ತು.

*

ಪರೀಕ್ಷಾ ಕೋಣೆ ಶೀತಲ ಕೋಣೆಗೆ ಅಂಟಿಕೊಂಡೇ ಇತ್ತು. ಅಲ್ಲೂ ಚಳಿ. ಕಿಟಕಿಯ ಬಳಿ ಇತೋಯೆ ಅಜ್ಜಿ ಬಣ್ಣದ ಬಟ್ಟೆಯ ಗಂಟು ಬಿಚ್ಚಿ ಅನ್ನದ ಉಂಡೆಗಳನ್ನು ಹೊರಗೆ ತೆಗೆಯುತ್ತಿದ್ದಳು. ಎದುರಿಗೆ ಕಾನ್‌ಸ್ಟೇಬಲ್ ಪಕ್ಕದಲ್ಲಿ ತೊಕುಜಿ. ಎರಡು ದಿನದ ಗಡ್ಡ. ಪರೀಕ್ಷೆಯ ಹೊತ್ತಿಗೆ ಅವನು ಎದುರಿಗಿರಬೇಕೆಂದು ಸಯೋ ಮೇಲಿನವರ ಹತ್ತಿರ ಹಟ ಹಿಡಿದು ಅವನನ್ನು ಕರೆಸಿಕೊಂಡಿದ್ದಳು.

"ತಿನ್ನು," ಎಂದು ಅಜ್ಜಿ ಒಂದು ಉಂಡೆಯನ್ನು ತೊಕುಜಿಯ ಮುಂದೆ ತಳ್ಳಿದಳು. "ಜೈಲಿಗೆ ಹೋಗೋನು ಹಸ್ಕೊಂಡು ಹೋಗ್ಬಾರ್ದು."

"ಅಜ್ಜಿ, ನಾನಿನ್ನೂ ಹೋಗಿಲ್ಲ."

"ಹೋಗದಿದ್ರೂ ತಿನ್ನು. ಒಳಗೆ ಉಪ್ಪಿನ ಪ್ಲಮ್ ಇಟ್ಟಿದೀನಿ."

ಸಯೋ ಕುರ್ಚಿ ಎಳೆದುಕೊಂಡು ತೊಕುಜಿಯ ಎದುರು ಕೂತಳು. "ಮೊರಿವಾಕಿ-ಸಾನ್, ಆ ದಿನದ ಕಥೆ ಇನ್ನೊಂದ್ಸಲ ಹೇಳಿ."

"ಎಷ್ಟು ಸಲ ಅಮ್ಮಾ? ನಿನ್ನೆ ನಿಮ್ಮ ಈ ತಮ್ಮ ಎಲ್ಲಾ ಬರ್ಕೊಂಡ್ನಲ್ಲ. ನಡುವೆ ಎರಡು ಸಲ ನಿದ್ದೇನೂ ಮಾಡ್ದ."

ಕಾನ್‌ಸ್ಟೇಬಲ್ ಸೂರು ನೋಡಿದ.

"ಅವನಿಗೆ ಹೇಳಿದ್ದು ಅವನಿಗೆ. ನನಗೆ ಹೇಳಿ."

ತೊಕುಜಿ ಅನ್ನದ ಉಂಡೆಯನ್ನು ಮುಟ್ಟಲಿಲ್ಲ. "ಮೂರು ವರ್ಷದ ಹಿಂದಿನ ಫೆಬ್ರವರಿ. ಸೊಂಟದ ಮಟ್ಟ ಹಿಮ. ಮೇಲಿನ ಕೇರೀಲಿ ಒಂದೇ ಬೆಳಿಗ್ಗೆ ಎರಡು ಹಸು ಬೆದೆಗೆ ಬಂತು, ತೊಮಿಹಾರಾಂದು, ಅಜ್ಜೀದು. ದಾರಿ ಬಿಡಿಸೋ ಗಾಡಿ ಸೇತುವೆ ಹತ್ರಾನೇ ನಿಂತೋಗಿತ್ತು."

"ಕಡ್ಡಿ ಎಲ್ಲಿ ಬಿಸಿ ಮಾಡಿದ್ರಿ?"

"ಸೇತುವೆ ಹತ್ರದ ಮನೇಲಿ."

"ನಿಯಮ ಏನು?"

"ಹಸು ಪಕ್ಕದಲ್ಲಿ ನಿಂತು ಬಿಸಿ ಮಾಡ್ಬೇಕು. ಒಂದು ಹಸು ಮುಗಿಸಿ ಇನ್ನೊಂದರ ಕಡ್ಡಿ ತೆಗೀಬೇಕು." ಅವನು ಮೂಗು ಒರೆಸಿಕೊಂಡ. "ಕಡ್ಡಿ ಹೆಪ್ಪುಗಟ್ಟಿಸಿಡೋ ಸಾರಜನಕದ ಆ ದೊಡ್ಡ ಡಬ್ಬಿ ಹೊತ್ಕೊಂಡು ಆ ಹಿಮದಲ್ಲಿ ಹತ್ತೋಕಾಗುತ್ತಾ? ನಮ್ಮೋರೆಲ್ಲ ಹಿಮ ಬಿದ್ರೆ ಹಿಂಗೇ ಮಾಡೋದು. ಕೆಳಗೇ ಬಿಸಿ ಮಾಡಿ, ಉಕ್ಕಿನ ನಳಿಗೆಗೆ ತುಂಬಿ, ಹೊದಿಕೆ ಹಾಕಿ, ಅಂಗಿ ಒಳಗೆ ಹೊಟ್ಟೆಗೆ ಅವಚ್ಕೊಂಡು ಓಡೋದು. ಮೈ ಬಿಸೀಲೇ ಬೀಜ ಬದುಕಿರುತ್ತೆ. ಇಪ್ಪತ್ತು ನಿಮಿಷದ ಏರು. ಹೊಟ್ಟೆಯ ಎರಡು ಬದಿಗೆ ಎರಡು ನಳಿಗೆ. ಬಲಕ್ಕೆ ತೊಮಿಹಾರಾ, ಎಡಕ್ಕೆ ಅಜ್ಜಿ. ಬಲಕ್ಕೆ ತೊಮಿಹಾರಾ, ಎಡಕ್ಕೆ ಅಜ್ಜಿ. ಮಂತ್ರದ ಹಾಗೆ ಹೇಳ್ಕೊಂಡೇ ಹತ್ತಿದೆ."

"ಆಮೇಲೆ?"

"ತಿರುವಲ್ಲಿ ಜಾರಿದೆ. ಎರಡೂ ಹಿಮದೊಳಗೆ ಬಿದ್ವು. ಬಾಚಿ ಎತ್ಕೊಂಡು ಒಳಗೆ ತುರ್ಕೊಂಡೆ. ಕೈ ಮರಗಟ್ಟಿತ್ತು. ಯಾವುದು ಎಲ್ಲಿಗೆ ಹೋಯ್ತು ದೇವರಿಗೇ ಗೊತ್ತು."

"ಕಡ್ಡಿ ಮೇಲೆ ಹೋರಿಯ ಹೆಸರು ಅಚ್ಚಾಗಿರುತ್ತಲ್ಲ?"

"ಓದೋಕೆ ಹೊದಿಕೆ ಬಿಚ್ಬೇಕು. ಆ ಚಳೀಲಿ ಬಿಚ್ಚಿದ್ರೆ ಎರಡೂ ಸಾಯುತ್ತೆ."

ಸಯೋ ಮುಂದೆ ಬಾಗಿದಳು. ರಾತ್ರಿಯಿಡೀ ಅವಳನ್ನು ಕೊರೆಯುತ್ತಿದ್ದ ಪ್ರಶ್ನೆ ಇದು. "ಸರಿ. ಕೆಲಸ ಮುಗಿದ ಮೇಲೆ ಖಾಲಿ ಕಡ್ಡಿ ಕೈಗೆ ಬರುತ್ತೆ. ಆಗ ಓದಬಹುದಿತ್ತು."

ತೊಕುಜಿ ಅನ್ನದ ಉಂಡೆಯನ್ನು ಪಕ್ಕಕ್ಕೆ ಸರಿಸಿದ.

"ಓದಿದ್ರಾ?"

"ಇಲ್ಲ."

"ಯಾಕೆ?"

"ಓದಿದ್ರೆ ಗೊತ್ತಾಗ್ಬಿಡ್ತಿತ್ತಲ್ಲ ಅಮ್ಮಾ." ಅವನು ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟ. "ಗೊತ್ತಾದ್ರೆ ಹೇಳ್ಬೇಕಿತ್ತು. ಆ ಹೋರಿಯ ಬೀಜ ಇನ್ನೊಂದು ಸಲ ಎಲ್ಲಿಂದ ತರ್ಲಿ? ತೊಮಿಹಾರಾ ಬಾಗಿಲಲ್ಲೇ ನಿಂತಿದ್ದ, ಮನೆಯೋರನ್ನೆಲ್ಲ ಕರ್ಕೊಂಡು, ಒಳ್ಳೇ ಅಂಗಿ ಹಾಕ್ಕೊಂಡು. ಎರಡು ಕಡ್ಡೀನೂ ಅವನ ಮನೆ ಒಲೆಗೆ ಹಾಕ್ಬಿಟ್ಟೆ."

"ಕಡ್ಡಿ ಕದ್ದವನೂ ಅದನ್ನೇ ಮಾಡ್ತಿದ್ದ."

"ಗೊತ್ತು. ಎರಡು ದಿನದಿಂದ ನಾನೂ ಅದನ್ನೇ ಯೋಚಿಸ್ತಿದೀನಿ."

ಅಜ್ಜಿ ಬೆರಳಿಗಂಟಿದ ಅನ್ನದ ಅಗುಳನ್ನು ನಿಧಾನವಾಗಿ ಬಾಯಿಗೆ ಹಾಕಿಕೊಂಡಳು. "ಅಂದ್ರೆ ನಾನು ಇಷ್ಟು ದಿನ ರಾಜನ ಮಗನ್ನ ಸಾಕಿದ್ದೆ ಅಂತೀಯಾ?"

"ಹೌದು ಅಜ್ಜಿ. ಒಳಗೆ ತೂಗ್ತಿರೋದನ್ನ ನೋಡಿ. ಓಕಿಕಾಜೆಗೆ ಅಂಥದು ಹುಟ್ಟುತ್ತಾ?"

"ಓಕಿಕಾಜೆ ಬಿಡು, ಯುಕಿಮಿನೆ ಬಿಡು. ನನ್ನ ಹಸು ಏನು ಬುಟ್ಟಿಯಾ, ನೀವು ಹಾಕಿದ್ದನ್ನ ಹಾಗೇ ವಾಪಸ್ ಕೊಡೋಕೆ? ಅದರ ಅಮ್ಮ, ಅಮ್ಮನ ಅಮ್ಮ, ಅದರಮ್ಮ, ಎಲ್ಲಾ ನಮ್ಮ ಕೊಟ್ಟಿಗೇಲೇ ಹುಟ್ಟಿದ್ದು. ಬಳ್ಳಿ ಕಣೋ ಅದು. ಕಾಯಿ ಬಿಡೋದು ಬಳ್ಳಿ."

ಇನೊಕುಚಿ ಬಾಗಿಲಲ್ಲಿ ನಗು ತಡೆದುಕೊಂಡ. "ಅಜ್ಜೀನ ಮೊದ್ಲು ಬಂಧಿಸಿ ಮೇಡಂ. ಇಲ್ಲಾಂದ್ರೆ ನಮ್ಮ ಸಂಘದ ಹೋರಿಗಳಿಗೆಲ್ಲ ಕೆಲಸ ಇರಲ್ಲ."

ಸಯೋ ನಗಲಿಲ್ಲ. ಅಜ್ಜಿಯ ಮಾತು ಅವಳಿಗೆ ಚುಚ್ಚಿತ್ತು. ಪೊಲೀಸ್ ಸೇರುವ ಮೊದಲು ಅವಳು ಓದಿದ್ದು ಕೃಷಿ ರಸಾಯನಶಾಸ್ತ್ರ. ಎಷ್ಟು ಕೊಬ್ಬು ಕೂಡುತ್ತದೆ ಎಂಬುದು ಒಂದು ಆಸ್ತಿ, ಎಂಥ ಕೊಬ್ಬು ಕೂಡುತ್ತದೆ ಎಂಬುದು ಇನ್ನೊಂದು. ಎರಡೂ ಮಕ್ಕಳಿಗೆ ಇಳಿಯುವುದು ಬೇರೆ ಬೇರೆ ದಾರಿಯಲ್ಲಿ. ಸೀಳಿನಲ್ಲಿ ಕಂಡ ಬಿಳಿ ಎಳೆಗಳ ಜಾಲ ತಂದೆಯಿಂದಲೂ ಬಂದಿರಬಹುದು, ತಾಯಿಯ ಬಳ್ಳಿಯಿಂದಲೂ ಬಂದಿರಬಹುದು. ಕಣ್ಣು ಅಷ್ಟಕ್ಕೇ ಸೋಲುತ್ತದೆ.

ಯುಕಿಮಿನೆಯ ಗುರುತು ಬೇರೆಯದು. ಅದು ಕಣ್ಣಿಗೆ ಕಾಣುವುದಲ್ಲ. ಬಿಸಿಗೆ ಮಾತ್ರ ಕಾಣುವಂಥದು.

ಎತ್ತಿನ ಮೈಯ ಒಂದೊಂದು ಕಣದೊಳಗೂ ಮುನ್ನೂರು ಕೋಟಿಯಷ್ಟು ಅಕ್ಷರಗಳ ಬರಹವಿದೆ. ಅದರಲ್ಲಿ ಒಂದು ಜಾಗದ ಒಂದೇ ಒಂದು ಅಕ್ಷರ ಹೀಗಿದ್ದರೆ, ಗಟ್ಟಿ ಕೊಬ್ಬನ್ನು ಮೆದುವಾಗಿಸುವ ಕಿಣ್ವ ಚುರುಕಾಗಿರುತ್ತದೆ, ಹಾಗಿದ್ದರೆ ಮಂದವಾಗಿರುತ್ತದೆ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಯುಕಿಮಿನೆಯ ಎರಡೂ ಪ್ರತಿಗಳು ಚುರುಕಿನವು. ಆದ್ದರಿಂದ ಅವನ ಮಕ್ಕಳಲ್ಲಿ ಒಂದಕ್ಕೂ ಆ ಅಕ್ಷರ ತಪ್ಪುವ ಹಾಗಿರಲಿಲ್ಲ. ತೊಮಿಹಾರಾನ ಎತ್ತಿನಲ್ಲಿ ಅದರ ಒಂದು ಪ್ರತಿಯೂ ಇರಲಿಲ್ಲ. ಆ ಎತ್ತಿನ ತಂದೆ ಯುಕಿಮಿನೆ ಅಲ್ಲವೆಂದು ತಿಳಿದದ್ದು ಹಾಗೆ.

ಅಜ್ಜಿಯ ಎತ್ತಿನ ಅಕ್ಷರ ಓದಿಸಲು ಎರಡು ವಾರ ಬೇಕು. ಹನ್ನೊಂದು ಗಂಟೆಗೆ ಇದ್ದದ್ದು ನಾಲ್ಕು ತಾಸು. ಎಷ್ಟು ಬಿಸಿಗೆ ಕರಗುತ್ತೀಯೆಂದು ಕೊಬ್ಬನ್ನೇ ಕೇಳಬೇಕಿತ್ತು.

*

ನಿನ್ನೆ ಸಂಜೆ ತೊಕುಜಿಯ ಮಾತು ಕಿವಿಗೆ ಬಿದ್ದ ಕೂಡಲೇ ಇನೊಕುಚಿ ಎತ್ತಿನ ಮೂತ್ರಪಿಂಡದ ಸುತ್ತಲ ಕೊಬ್ಬನ್ನು ಕರಗಿಸಿ, ಸೋಸಿ, ಕೂದಲಿನಷ್ಟು ತೆಳ್ಳಗಿನ ಗಾಜಿನ ನಳಿಕೆಗೆ ಒಂದು ಸೆಂಟಿಮೀಟರಿನಷ್ಟು ಎಳೆದು, ರಾತ್ರಿಯಿಡೀ ತಣ್ಣಗೆ ಇಟ್ಟಿದ್ದ. ಈಗ ಅದನ್ನು ಉಷ್ಣಮಾಪಕದ ಬಲಬದಿಗೆ ದಾರದಿಂದ ಕಟ್ಟಿದ. ಎಡಬದಿಗೆ ಇನ್ನೊಂದು ನಳಿಕೆ.

"ಅದ್ಯಾವುದು?" ಎಂದಳು ಅಜ್ಜಿ.

"ಯುಕಿಮಿನೆಯ ಖಾತ್ರಿ ಮಗ. ಹೋದ ವರ್ಷದ ಚಿನ್ನದ ಪದಕದೋನು. ಪಕ್ಕದಲ್ಲೇ ಇದ್ರೆ ಹೋಲಿಸೋಕೆ ಸುಲಭ. ಇವೆರಡೂ ತೊಮಿಹಾರಾಂದೂ ಕರು ವಯಸ್ಸು ಕಳೆದ ಮೇಲೆ ಸಹಕಾರಿ ಕೊಟ್ಟಿಗೇಲಿ ಒಂದೇ ಮೇವು ತಿಂದು ಬೆಳೆದೋವು, ಕೊಯ್ದಾಗ ಹೆಚ್ಚುಕಮ್ಮಿ ಒಂದೇ ವಯಸ್ಸು. ಮೇವಿನಿಂದ ಒಂದೆರಡು ಡಿಗ್ರಿ ಹಿಂದೆಮುಂದೆ ಆಗ್ಬಹುದು, ಹತ್ತು ಡಿಗ್ರಿ ಆಗಲ್ಲ."

"ಯುಕಿಮಿನೆಯ ಮಕ್ಕಳ ಕೊಬ್ಬು ಇಪ್ಪತ್ತೈದು ಡಿಗ್ರಿ ದಾಟಿ ಕರಗಿದ್ದು ಇದೆಯಾ?" ಎಂದಳು ಸಯೋ.

"ನಾನಂತೂ ಕಂಡಿಲ್ಲ. ನನಗೆ ಕೆಲಸ ಕಲಿಸಿದ ಮೇಷ್ಟ್ರೂ ಕಂಡಿಲ್ಲ."

"ತೊಮಿಹಾರಾನ ಎತ್ತು?"

"ಮೂವತ್ತೊಂದು."

ತೊಕುಜಿ ಮಂಡಿಗಳ ಮೇಲೆ ಕೈ ಊರಿ ಕೂತಿದ್ದ. ಇಪ್ಪತ್ತೈದರ ಕೆಳಗೆ ಕೊಬ್ಬು ಕರಗಿ ಜಾರಿದರೆ ಅವನು ಕೆಲಸಗೇಡಿ. ಪರವಾನಗಿ ಹೋಗುತ್ತದೆ, ಊರು ನಾಲ್ಕು ದಿನ ನಗುತ್ತದೆ, ಆಮೇಲೆ ಮರೆಯುತ್ತದೆ. ಮೇಲೆ ಹೋದರೆ ಅವನು ಕಳ್ಳ. ಇಡೀ ಕಣಿವೆ ನೂರು ವರ್ಷ ಬೇಲಿ ಹಾಕಿ ಕಾಯ್ದ ರಕ್ತವನ್ನು ಹೊರಗೆ ಮಾರಿದವನು. ಅದನ್ನು ಇಲ್ಲಿ ಯಾರೂ ಮರೆಯುವುದಿಲ್ಲ.

ನೀರಿನ ಪಾತ್ರೆ ಹತ್ತು ಡಿಗ್ರಿಯಲ್ಲಿತ್ತು. ಇನೊಕುಚಿ ಒಲೆಯ ಉರಿಯನ್ನು ಕಾಣದಷ್ಟು ಸಣ್ಣಗೆ ಮಾಡಿದ. ಎರಡು ನಿಮಿಷಕ್ಕೆ ಒಂದು ಡಿಗ್ರಿ. ಅವಸರ ಮಾಡಿದರೆ ಕೊಬ್ಬು ಸುಳ್ಳು ಹೇಳುತ್ತದೆ.

ಹನ್ನೆರಡು. ಹದಿನಾಲ್ಕು. ಎರಡು ನಳಿಕೆಗಳಲ್ಲಿ ಎರಡು ಬಿಳಿ ಗೆರೆಗಳು ಅಕ್ಕಪಕ್ಕದಲ್ಲಿ ನಿಂತಿದ್ದವು, ಒಂದನ್ನೊಂದು ಹೋಲುತ್ತಾ.

ಹತ್ತೊಂಬತ್ತು ದಾಟುವಾಗ ಎಡಗಡೆಯ ಗೆರೆಯ ಅಂಚು ಮಸುಕಾಯಿತು. ಬಿಳಿ ಬಣ್ಣ ತೆಳುವಾಗಿ, ಹಾಲು ನೀರಾದಂತೆ, ನೀರು ಗಾಜಾದಂತೆ ಕಾಣಿಸಿತು. ಅಷ್ಟರಲ್ಲಿ ಇಡೀ ಗೆರೆ ಮೆಲ್ಲಗೆ ಮೇಲಕ್ಕೆ ಜಾರಿತು.

"ಹತ್ತೊಂಬತ್ತು ಪಾಯಿಂಟ್ ಆರು," ಎಂದ ಇನೊಕುಚಿ ಪಿಸುದನಿಯಲ್ಲಿ.

ಸಯೋ ಪಾತ್ರೆಗೆ ಬೆರಳಿಟ್ಟು ನೋಡಿದಳು. ನೀರು ಇನ್ನೂ ತಣ್ಣಗಿತ್ತು. ಬೆರಳಿಗೆ ಚಳಿಯೆನಿಸುವ ನೀರಲ್ಲಿ ಕೊಬ್ಬು ಕರಗಿತ್ತು. ಆರು ವರ್ಷದ ಹಿಂದೆ ಮಣ್ಣಾದ ಒಂದು ಹೋರಿ, ತಾನೆಂದೂ ಕಾಣದ ಮಗನ ಮೈಯಲ್ಲಿ, ಒಂದು ಅಕ್ಷರವಾಗಿ ಉಳಿದು ಈ ಗಾಜಿನೊಳಗೆ ಅಲುಗಾಡಿ ಹೋಗಿತ್ತು. ಕಾಲೇಜಿನಲ್ಲಿ ಇದನ್ನೆಲ್ಲ ಅವಳು ಓದಿದ್ದಳು. ಓದುವುದೇ ಬೇರೆ, ಎದುರಿಗೆ ನಡೆಯುವುದೇ ಬೇರೆ. ಅವಳಿಗೆ ತಲೆ ಬಾಗಿಸಬೇಕೆನಿಸಿತು. ಅಜ್ಜಿ ನಿಜವಾಗಿಯೂ ಎರಡು ಕೈ ಜೋಡಿಸಿದ್ದಳು.

"ಈಗ ನಮ್ಮೋನು," ಎಂದ ತೊಕುಜಿ. ಅವನ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ಬಣ್ಣ ಬಂದಿತ್ತು. "ನೋಡ್ತಿರಿ ಅಮ್ಮಾ. ಈಗ ಜಾರುತ್ತೆ."

ಇಪ್ಪತ್ತು. ಇಪ್ಪತ್ತೊಂದು. ಬಲಗಡೆಯ ಗೆರೆ ಬೆಳ್ಳಗೆ ನಿಂತಿತ್ತು.

"ತಾಯಿ ಕಡೆಯಿಂದ ಒಂದು ಮಂದ ಪ್ರತಿ ಬಂದಿರುತ್ತೆ," ಎಂದ ಇನೊಕುಚಿ. "ಸ್ವಲ್ಪ ತಡ."

"ನನ್ನ ಹಸು ಮೇಲೆ ಯಾಕೋ ಹಾಕ್ತೀಯ?" ಎಂದಳು ಅಜ್ಜಿ. ಮಾತಲ್ಲಿ ಮೊದಲಿನ ಖಾರವಿರಲಿಲ್ಲ.

ಇಪ್ಪತ್ತಮೂರು. ಇಪ್ಪತ್ತನಾಲ್ಕು. ಕಾನ್‌ಸ್ಟೇಬಲ್ ಕೂಡ ಎದ್ದು ಬಂದು ಬಗ್ಗಿದ್ದ.

ಇಪ್ಪತ್ತೈದು.

ಇಪ್ಪತ್ತಾರು.

ತೊಕುಜಿ ಎದ್ದ ರಭಸಕ್ಕೆ ಕುರ್ಚಿ ಮಗುಚಿಬಿತ್ತು. "ಇನೊಕುಚಿ, ನಳಿಕೆ ಬದಲಾಗಿದೆ ಕಣೋ."

"ಇಲ್ಲ ತೊಕುಜಿಯಣ್ಣ. ನಾನೇ ತುಂಬಿದ್ದು, ನಾನೇ ಕಟ್ಟಿದ್ದು."

"ತೊಮಿಹಾರಾಂದು ಇರ್ಬೇಕು. ನೋಡೋ ಸರಿಯಾಗಿ!"

"ಅವನದ್ದು ಈ ಕಟ್ಟಡದಲ್ಲೇ ಇಲ್ಲ. ಪ್ರಯೋಗಾಲಯಕ್ಕೆ ಹೋಗಿ ತಿಂಗಳಾಯ್ತು."

ತೊಕುಜಿ ಪಾತ್ರೆಯನ್ನು ನೋಡಿದ. ಅಜ್ಜಿಯನ್ನು ನೋಡಿದ. ಕೊನೆಗೆ ತನ್ನ ಅಂಗಿಯ ಮುಂಭಾಗವನ್ನು, ಅಲ್ಲಿ ಏನೋ ಇನ್ನೂ ಇದ್ದೀತು ಎಂಬಂತೆ, ಅಂಗೈಯಿಂದ ಒತ್ತಿ ಹಿಡಿದ.

"ಹಾಗಾದ್ರೆ ಅವತ್ತು ನಾನು ಹೊಟ್ಟೆಗೆ ಅವಚ್ಕೊಂಡು ಹತ್ತಿದ್ದೇನು?"

ಸಯೋ ಆ ಪ್ರಶ್ನೆಯನ್ನೇ ಹಿಡಿದು ಲೆಕ್ಕ ಹಾಕಿದಳು.

ಕದ್ದವನಿಗೆ ಈ ಪರೀಕ್ಷೆ ಬೇಡವಾಗಿರುತ್ತಿತ್ತು. ಇದರ ಫಲ ಅವನಿಗೆ ಮೊದಲೇ ಗೊತ್ತಿರುತ್ತಿತ್ತು. ಆದರೆ ನಿನ್ನೆ ಸಂಜೆ, ಅಜ್ಜಿಯ ಎತ್ತನ್ನು ಪರೀಕ್ಷಿಸಿ ಎಂದು ಮೊದಲು ಹೇಳಿದವನೇ ತೊಕುಜಿ. ಬೇಡಿಕೊಂಡಿದ್ದ ಎಂದರೂ ಸರಿ. ಎರಡು ಮನೆ, ಎರಡು ಹಸು, ಎರಡು ಕಡ್ಡಿ. ಅದಲುಬದಲಾಗಿರಲಿ, ಆಗದೇ ಇರಲಿ, ಒಂದು ಕಡೆಯಾದರೂ ಯುಕಿಮಿನೆ ಇರಲೇಬೇಕಿತ್ತು. ಎರಡು ಕಡೆಯೂ ಇಲ್ಲವೆಂದರೆ, ಕಡ್ಡಿಯ ಮೇಲೆ ಹೆಸರು ಮಾತ್ರ ಇತ್ತು. ತೊಕುಜಿಯ ಕೈಗೆ ಬರುವ ಮೊದಲೇ ಅದರೊಳಗಿನದು ಬೇರೆಯಾಗಿತ್ತು.

ಆ ಕಡ್ಡಿಗಳು ಬಂದದ್ದು ತಳಿ ಸಂಘದ ಹೋರಿ ಕೇಂದ್ರದ ಬೀಗ ಹಾಕಿದ ತೊಟ್ಟಿಯಿಂದ. ಅದೇ ತೊಟ್ಟಿಯಿಂದ ಇನ್ನೂ ಎಷ್ಟೋ ಮನೆಗಳಿಗೆ ಚೀಟಿ ಎತ್ತಿ ಹಂಚಿದ್ದರು. ಅವರೆಲ್ಲರ ಕೊಟ್ಟಿಗೆಗಳಲ್ಲಿ ರಾಜನ ಮಕ್ಕಳೆಂದು ಬೆಳೆಯುತ್ತಿರುವವರು ಯಾರ ಮಕ್ಕಳು? ನಿಜವಾದ ಯುಕಿಮಿನೆ ಈಗ ಎಲ್ಲಿದ್ದಾನೆ?

ಇದೆಲ್ಲ ಅವಳ ತಲೆಯೊಳಗೆ ಮಾತ್ರ ಇತ್ತು. ಸರ್ಕಾರಿ ವಕೀಲರು ನೋಡುವುದು ಅಂಕಿಯನ್ನು. ಅಂಕಿ ತೊಕುಜಿಯ ಮಾತನ್ನು ಸುಳ್ಳು ಮಾಡುತ್ತಿತ್ತು.

ಮೂವತ್ತು ದಾಟಿತು. ಬಲಗಡೆಯ ಗೆರೆಯ ಅಂಚು ಈಗ ಮಸುಕಾಗತೊಡಗಿತ್ತು.

"ಮೇಡಂ," ಎಂದ ಇನೊಕುಚಿ. "ಮೇವು ಹೆಚ್ಚುಕಮ್ಮಿ ಆಗಿತ್ತು, ಪರೀಕ್ಷೆ ಸರಿಯಾಗ್ಲಿಲ್ಲ ಅಂತ ಬರೆದ್ರೆ ಎರಡು ವಾರ ಸಿಗುತ್ತೆ. ಬರೀಲಾ?"

ತೊಕುಜಿ ಅವಳ ಮುಖವನ್ನೇ ನೋಡುತ್ತಿದ್ದ. ಅಜ್ಜಿಯೂ.

"ಬೇಡ," ಎಂದಳು ಸಯೋ. "ಕಂಡದ್ದನ್ನೇ ಬರಿ."

ಗೆರೆ ಜಾರಿತು. ಇನೊಕುಚಿ ಮಾಪಕದ ಮೇಲೆ ಕಣ್ಣಿಟ್ಟು, ಎರಡು ಸಲ ಓದಿ, ಬರೆದ: 31.4 ಡಿಗ್ರಿ.